ಹತ್ತನೇ ತರಗತಿಯ ಸೆಂಡಾಫ್: ಮಗಳನ್ನು ಎಲ್ಲಿಯವರೆಗೆ ಕಳುಹಿಸಬಹುದು?

ಪ್ರಶ್ನೆ: ನಮ್ಮದು ತರೀಕೆರೆ. ಮಗಳು ಇಲ್ಲಿಯ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಹತ್ತನೇ ತರಗತಿ ಓದುತ್ತಿದ್ದಾಳೆ. ಫೆಬ್ರವರಿ ಕೊನೆಯ ವಾರದಲ್ಲಿ ಸೆಂಡಾಫ್ ಇದೆ. ಹುಡುಗಿಯರೆಲ್ಲ ಒಂದೇ ಬಣ್ಣದ ಸೀರೆ, ಹುಡುಗರು ಬಿಳಿ ಪಂಚೆ ಮತ್ತು ಅಂಗಿ ಎಂದು ಮಕ್ಕಳೇ ನಿರ್ಧರಿಸಿದ್ದಾರೆ. ಅರವತ್ತು ಮಕ್ಕಳಿಂದ ತಲೆಗೆ ಸಾವಿರದ ಐನೂರು ರೂಪಾಯಿ ಸಂಗ್ರಹಿಸುತ್ತಿದ್ದಾರೆ. ಸೀರೆಯ ಖರ್ಚು ಬೇರೆ. ಸಮಾರಂಭ ಮುಗಿದ ಮೇಲೆ ಹದಿನೈದು ಇಪ್ಪತ್ತು ಮಂದಿ ಬೈಕಿನಲ್ಲಿ ಮತ್ತು ಬಾಡಿಗೆ ವಾಹನದಲ್ಲಿ ಬೆಟ್ಟದ ಕಲ್ಲತ್ತಿಗಿರಿ ಜಲಪಾತಕ್ಕೆ ಹೋಗುವ ಯೋಜನೆ ಇರುವುದನ್ನು ಅವಳ ಫೋನಿನಲ್ಲಿ ನೋಡಿದೆ. ನಾನು ನೋಡಿರುವುದು ಅವಳಿಗೆ ಗೊತ್ತಿಲ್ಲ. ಪರೀಕ್ಷೆಗೆ ಮೂರು ವಾರ ಇರುವಾಗ ಇದೆಲ್ಲ ಬೇಡವೇ ಬೇಡ ಎನ್ನುವುದು ನನ್ನ ಪತಿಯ ಮಾತು. ಅತ್ತೆಯವರು ಸೀರೆ ಉಡಿಸಿ ಕಳುಹಿಸುವುದಕ್ಕೇ ಒಪ್ಪುತ್ತಿಲ್ಲ. ಕಳೆದ ವರ್ಷ ಸೆಂಡಾಫ್‌ನಲ್ಲಿ ತೆಗೆದ ಒಬ್ಬ ಹುಡುಗಿಯ ಫೋಟೋಗೆ ಯಾರೋ ಹಾಡು ಸೇರಿಸಿ ಹರಿಯಬಿಟ್ಟಾಗ ಆ ಮನೆಯವರು ಬಹಳ ನೊಂದರು. ಕೊನೆಯ ಪರೀಕ್ಷೆಯ ದಿನ ಮಸಿ ಎರಚುತ್ತಾರಂತೆ. ಮಗಳು ಎರಡು ದಿನಗಳಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ನಾವು ಏನು ಮಾಡಬೇಕು?

ಉತ್ತರ: ನಿಮ್ಮ ಮನೆಯಲ್ಲಿ ಅಂಕದ ಚಿಂತೆ ಪತಿಯವರದು, ಸೀರೆಯ ಚಿಂತೆ ಅತ್ತೆಯವರದು, ಫೋಟೋದ ಮತ್ತು ಕಲ್ಲತ್ತಿಗಿರಿಯ ಚಿಂತೆ ನಿಮ್ಮದು. ಒಂದೊಂದಕ್ಕೂ ಬೇರೆ ಬೇರೆ ಕಾರಣವಿದ್ದರೂ ಮಗಳ ಕಿವಿಗೆ ಮಾತ್ರ ಇವೆಲ್ಲ ಸೇರಿ ‘ಹೋಗಬೇಡ’ ಎಂಬ ಒಂದೇ ಮಾತಾಗಿ ಬೀಳುತ್ತಿವೆ. ಆದ್ದರಿಂದ ಮೊದಲು ಅವುಗಳನ್ನು ಬಿಡಿಸಿ ನೋಡೋಣ. ನನ್ನ ಅಭಿಪ್ರಾಯವನ್ನು ಆರಂಭದಲ್ಲಿಯೇ ಹೇಳಿಬಿಡುತ್ತೇನೆ: ಶಾಲೆಯ ಸಮಾರಂಭಕ್ಕೆ ಸಂತೋಷವಾಗಿ ಕಳುಹಿಸಿ, ಕಲ್ಲತ್ತಿಗಿರಿಗೆ ಕಳುಹಿಸಬೇಡಿ. ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದಾಗಲೂ, ನಿವೃತ್ತಿಯ ನಂತರ ಆಪ್ತ ಸಮಾಲೋಚನೆಯಲ್ಲಿ ಪೋಷಕರೊಡನೆ ಮಾತನಾಡುವಾಗಲೂ ನಾನು ಕಂಡದ್ದು ಇಷ್ಟು: ತೊಂದರೆಗಳು ವೇದಿಕೆಯ ಮುಂದೆ ಹುಟ್ಟುವುದು ಅಪರೂಪ, ಸಮಾರಂಭ ಮುಗಿದು ಮಕ್ಕಳು ಮನೆ ಸೇರುವುದರ ನಡುವೆ, ಶಾಲೆಯದೂ ಅಲ್ಲದ ಮನೆಯದೂ ಅಲ್ಲದ ಆ ಕೆಲವು ಗಂಟೆಗಳಲ್ಲಿ ಅವು ಹುಟ್ಟುತ್ತವೆ.

ಅಂಕದ ವಿಷಯದಲ್ಲಿ ನಿಮ್ಮ ಪತಿಯವರ ಆತಂಕ ಸಹಜವಾದದ್ದು, ಆದರೆ ಅದು ತಪ್ಪು ದಿನದ ಮೇಲೆ ನೆಟ್ಟಿದೆ. ಒಂದು ದಿನ ಸೀರೆ ಉಟ್ಟು, ಗೆಳತಿಯರೊಡನೆ ಕುಳಿತು ಊಟ ಮಾಡಿ ಬಂದ ಮಾತ್ರಕ್ಕೆ ವರ್ಷವಿಡೀ ಓದಿದ್ದು ಮರೆಯುವುದಿಲ್ಲ. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದಂಥ ವಿಷಯಗಳಲ್ಲಿ ನೂರರ ಪೈಕಿ ಇಪ್ಪತ್ತು ಅಂಕ ಆಂತರಿಕ ಮೌಲ್ಯಮಾಪನದ್ದಾಗಿದ್ದು, ಅದರ ಬಹುಪಾಲು ಕೆಲಸ ಈ ಹೊತ್ತಿಗೆ ಮುಗಿದೇ ಇರುತ್ತದೆ. ಉಳಿದದ್ದು ಎಂಬತ್ತು ಅಂಕಗಳ ಲಿಖಿತ ಪರೀಕ್ಷೆ. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆಯುವ ಅವಕಾಶವೂ ಬಂದಿದೆ. ಎರಡನೆಯ ಅವಕಾಶವಿದೆಯೆಂದು ಮೊದಲನೆಯದನ್ನು ಹಗುರವಾಗಿ ನೋಡಬೇಕೆಂದು ನಾನು ಹೇಳುತ್ತಿಲ್ಲ. ಒಂದು ದಿನದಿಂದ ಬದುಕೇ ಮುಳುಗಿಹೋಗುವ ಕಾಲ ಈಗ ಇಲ್ಲವೆಂದಷ್ಟೇ ಹೇಳುತ್ತಿದ್ದೇನೆ.

ನಿಜವಾಗಿ ಓದಿಗೆ ಪೆಟ್ಟು ಕೊಡುವುದು ಸೆಂಡಾಫ್‌ಗೆ ಮುಂಚಿನ ದಿನಗಳು. ನೃತ್ಯದ ಅಭ್ಯಾಸ, ಸೀರೆಯ ಬಣ್ಣದ ಚರ್ಚೆ, ದುಡ್ಡು ಕೊಡದವರ ಬೆನ್ನು ಹತ್ತುವುದು, ಯಾರ ಪಕ್ಕ ಯಾರು ನಿಂತು ಫೋಟೋ ತೆಗೆಸಿಕೊಳ್ಳಬೇಕೆಂಬ ಮುನಿಸು, ಇವೆಲ್ಲ ರಾತ್ರಿ ಹನ್ನೆರಡರವರೆಗೂ ವಾಟ್ಸಾಪ್ ಗುಂಪಿನಲ್ಲಿ ನಡೆಯುತ್ತವೆ. ಈ ವಯಸ್ಸಿನವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ರೆ ಬೇಕು; ಹರೆಯದಲ್ಲಿ ನಿದ್ರೆ ಬರುವ ಹೊತ್ತು ತಾನಾಗಿಯೇ ತಡವಾಗುವುದರಿಂದ, ಕೈಯಲ್ಲಿ ಫೋನಿದ್ದರೆ ಅದು ಇನ್ನಷ್ಟು ಮುಂದಕ್ಕೆ ಹೋಗುತ್ತದೆ. ನಿಮ್ಮ ಪತಿಯವರು ಸಮಾರಂಭವನ್ನು ತಡೆಯುವ ಬದಲು ರಾತ್ರಿ ಹತ್ತರ ನಂತರ ಫೋನು ನಡುಮನೆಯಲ್ಲಿರಬೇಕೆಂಬ ನಿಯಮವನ್ನು ತಂದರೆ, ಮತ್ತು ಆ ನಿಯಮವನ್ನು ತಮ್ಮ ಫೋನಿಗೂ ಅನ್ವಯಿಸಿಕೊಂಡರೆ, ಅಂಕದ ದೃಷ್ಟಿಯಿಂದ ಅದೇ ಹೆಚ್ಚು ಲಾಭದ್ದು. ಒಂದು ಸಂಗತಿಯನ್ನು ಮಾತ್ರ ಶಾಲೆಯಲ್ಲಿ ವಿಚಾರಿಸಿಕೊಳ್ಳಿ: ಸಮಾರಂಭವು ಪೂರ್ವಸಿದ್ಧತಾ ಪರೀಕ್ಷೆಯ ನಡುವೆಯೋ ಅದರ ಹಿಂದಿನ ದಿನವೋ ಬಂದಿದ್ದರೆ, ದಿನಾಂಕ ಬದಲಿಸುವಂತೆ ಕೇಳುವ ಹಕ್ಕು ಪೋಷಕರಿಗಿದೆ.

ಇನ್ನು ಈ ಸಮಾರಂಭದ ಅಗತ್ಯವೇನು ಎಂಬ ಪ್ರಶ್ನೆ. ನಮ್ಮ ಕಾಲದಲ್ಲಿ ಒಂದು ಗ್ರೂಪ್ ಫೋಟೋ, ಕೇಸರಿಬಾತು, ಆಟೋಗ್ರಾಫ್ ಪುಸ್ತಕ ಇಷ್ಟರಲ್ಲಿ ಮುಗಿಯುತ್ತಿತ್ತಲ್ಲ ಎಂದು ಅನೇಕ ಪೋಷಕರು ಕೇಳುತ್ತಾರೆ. ಮುಗಿಯುತ್ತಿದ್ದುದು ನಿಜ. ಆದರೆ ಆ ಫೋಟೋವನ್ನು ಇಂದಿಗೂ ಟ್ರಂಕಿನಲ್ಲಿಯೋ ಗೋಡೆಯ ಮೇಲೆಯೋ ಇಟ್ಟುಕೊಂಡವರು ಆ ದಿನ ತಮಗೆ ಮುಖ್ಯವಾಗಿರಲಿಲ್ಲವೆಂದು ಹೇಳಲಾರರು. ಕರ್ನಾಟಕದಲ್ಲಿ ಹತ್ತನೇ ತರಗತಿಯೆಂಬುದು ದಾರಿ ಕವಲೊಡೆಯುವ ಜಾಗ. ಏಳೆಂಟು ವರ್ಷ ಒಂದೇ ಬೆಂಚಿನಲ್ಲಿ ಕುಳಿತವರಲ್ಲಿ ಒಬ್ಬಳು ಶಿವಮೊಗ್ಗದ ಪಿಯು ಕಾಲೇಜಿಗೆ ಹೋಗುತ್ತಾಳೆ, ಒಬ್ಬ ಐಟಿಐಗೆ, ಇನ್ನೊಬ್ಬ ಡಿಪ್ಲೊಮಾಗೆ, ಮತ್ತೊಬ್ಬ ಅಪ್ಪನ ಅಂಗಡಿಗೆ. ಹಳ್ಳಿಗಳಿಂದ ಬರುವ ಕೆಲವು ಹುಡುಗಿಯರ ಪಾಲಿಗೆ ಪರೀಕ್ಷೆ ಮುಗಿದ ಬೇಸಿಗೆ ಇನ್ನೂ ಕಠಿಣವಾಗಿರುತ್ತದೆ. ಹದಿನೆಂಟು ತುಂಬದ ಹುಡುಗಿಯ ವಿವಾಹ ಕಾನೂನಿನ ಪ್ರಕಾರ ಅಪರಾಧವಾದರೂ, ಕರ್ನಾಟಕವು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ತಿದ್ದುಪಡಿ ತಂದು ಅಂಥ ವಿವಾಹವನ್ನು ಮೊದಲಿನಿಂದಲೇ ಅನೂರ್ಜಿತವೆಂದು ಸಾರಿದ್ದರೂ, ಮಾತುಕತೆ ಶುರುವಾಗುವುದು ಈ ತಿಂಗಳುಗಳಲ್ಲಿಯೇ. ಬೀಳ್ಕೊಡುಗೆಯ ದಿನ ಅಳುವ ಹುಡುಗಿಯರನ್ನು ಕಂಡು ನಗುವ ಹಿರಿಯರಿಗೆ ನಾನು ಇದನ್ನು ಹೇಳುತ್ತಿದ್ದೆ: ಅವರಲ್ಲಿ ಕೆಲವರಿಗೆ ತಾವು ಏನನ್ನು ಬಿಟ್ಟುಹೋಗುತ್ತಿದ್ದೇವೆಂಬುದು ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ನಿಮ್ಮ ಮಗಳನ್ನು ಆ ದಿನ ಮನೆಯಲ್ಲಿ ಕೂರಿಸಿದರೆ ಪುಸ್ತಕ ಅವಳ ಮುಂದೆ ತೆರೆದಿರುತ್ತದೆ, ಅಷ್ಟೇ.

ಸೀರೆಯ ವಿಚಾರದಲ್ಲಿ ಅತ್ತೆಯವರೊಡನೆ ವಾದ ಮಾಡುವುದಕ್ಕಿಂತ ಅವರಿಗೆ ಯಾವುದರ ಭಯವೆಂದು ಕೇಳಿ ತಿಳಿದುಕೊಳ್ಳುವುದು ಮೇಲು. ಸೀರೆ ಉಟ್ಟ ಹುಡುಗಿಯನ್ನು ಊರು ದೊಡ್ಡವಳೆಂದು ನೋಡಲು ಶುರುಮಾಡುತ್ತದೆ ಎಂಬುದು ಆ ತಲೆಮಾರಿನವರ ಅನುಭವ, ಮತ್ತು ಅದು ಪೂರ್ತಿ ಸುಳ್ಳೇನೂ ಅಲ್ಲ. ಆದರೆ ಹುಡುಗಿಯರು ಸೀರೆ ಉಡಬಯಸುವುದು ಅಮ್ಮನಂತೆ, ಮೇಡಂ ಅವರಂತೆ ಒಂದು ದಿನ ಕಾಣಬೇಕೆಂಬ ಆಸೆಯಿಂದ. ಇದರಲ್ಲಿ ಕೆಟ್ಟದ್ದು ಏನೂ ಇಲ್ಲ. ಅತ್ತೆಯವರ ಹಳೆಯ ಸೀರೆಯೊಂದನ್ನೇ ಅವರ ಕೈಯಿಂದಲೇ ಉಡಿಸುವಂತೆ ಕೇಳಿಕೊಂಡರೆ ಅರ್ಧ ವಿರೋಧ ಅಲ್ಲಿಯೇ ಕರಗುವುದನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ. ಮೊದಲ ಸಲ ಸೀರೆ ಉಡುವವಳಿಗೆ ಹಗುರವಾದ ಹತ್ತಿಯ ಸೀರೆ ಸಾಕು. ನೆರಿಗೆಗೂ ಸೆರಗಿಗೂ ಪಿನ್ನು ಹಾಕಿ, ಹಿಂದಿನ ದಿನ ಒಂದು ಗಂಟೆ ಉಟ್ಟು ಮೆಟ್ಟಿಲು ಹತ್ತಿ ಇಳಿದು ಅಭ್ಯಾಸ ಮಾಡಲಿ. ಬೈಕಿನ ಹಿಂದೆ ಕೂರುವುದಾದರೆ ಸೆರಗು ಚಕ್ರಕ್ಕೆ ಸಿಕ್ಕಿಕೊಳ್ಳುವ ಅಪಾಯ ನಿಜವಾದದ್ದು. ಸೀರೆ ಗಾರ್ಡ್ ಕಳಚಿಟ್ಟ ಬೈಕುಗಳೇ ಈಗ ಹೆಚ್ಚು. ಆ ದಿನ ಆಟೋದಲ್ಲಿ ಕಳುಹಿಸಿ.

ಒಂದೇ ಬಣ್ಣದ ಸೀರೆ ಎಂಬ ನಿಯಮವನ್ನು ಮಾತ್ರ ನಾನು ಒಪ್ಪುವುದಿಲ್ಲ. ಇದು ಹಣದ ಪ್ರಶ್ನೆಗೆ ನಮ್ಮನ್ನು ಕರೆದೊಯ್ಯುತ್ತದೆ. ಅರವತ್ತು ಮಕ್ಕಳಿಂದ ತಲಾ ಸಾವಿರದ ಐನೂರು ಎಂದರೆ ತೊಂಬತ್ತು ಸಾವಿರ ರೂಪಾಯಿ. ಶಾಲೆಯ ಸಭಾಂಗಣದಲ್ಲಿ, ಶಾಲೆಯದೇ ಅಡುಗೆಮನೆಯಲ್ಲಿ ಪಲಾವು, ಮೊಸರುಬಜ್ಜಿ, ಒಂದು ಸಿಹಿ ಮಾಡಿಸಿ ನಡೆಸುವ ಕಾರ್ಯಕ್ರಮಕ್ಕೆ ಇಷ್ಟು ಹಣ ಏಕೆ ಬೇಕೆಂದು ಯಾರೂ ಕೇಳಿರಲಾರರು. ಸಾಮಾನ್ಯವಾಗಿ ಇದರ ದೊಡ್ಡ ಪಾಲು ಡಿಜೆಗೆ, ಫ್ಲೆಕ್ಸಿಗೆ, ಕೇಕಿಗೆ ಮತ್ತು ಶಿಕ್ಷಕರ ಉಡುಗೊರೆಗೆ ಹೋಗುತ್ತದೆ. ಉಡುಗೊರೆಯ ಬಗ್ಗೆ ಶಿಕ್ಷಕಿಯಾಗಿದ್ದವಳ ಮಾತು ಕೇಳಿ: ನಮ್ಮ ಮನೆಗಳಲ್ಲಿ ಗೋಡೆಗಳಿಗಿಂತ ಗೋಡೆ ಗಡಿಯಾರಗಳು ಹೆಚ್ಚಾಗಿವೆ. ಮಗುವೊಂದು ತನ್ನ ಕೈಬರಹದಲ್ಲಿ ನಾಲ್ಕು ಸಾಲು ಬರೆದುಕೊಟ್ಟ ಕಾಗದಗಳನ್ನು ನಾನು ಜೋಪಾನವಾಗಿಟ್ಟಿದ್ದೇನೆ, ಗಡಿಯಾರಗಳನ್ನು ಹಂಚಿಬಿಟ್ಟಿದ್ದೇನೆ. ಹೊರಟುಹೋಗುವ ತರಗತಿಯವರು ಶಾಲೆಗೆ ಒಂದು ನೆನಪಿನ ಕಾಣಿಕೆ ಕೊಡುವ ಒಳ್ಳೆಯ ರೂಢಿ ನಮ್ಮಲ್ಲಿದೆ. ಫ್ಯಾನು, ನೀರಿನ ಫಿಲ್ಟರ್, ಗ್ರಂಥಾಲಯಕ್ಕೆ ಪುಸ್ತಕ, ಇಂಥದ್ದೊಂದು ಸಾಕು. ಮುಖ್ಯವಾದ ಮಾತೆಂದರೆ, ಆ ಅರವತ್ತರಲ್ಲಿ ಸಾವಿರದ ಐನೂರನ್ನೂ ಹೊಸ ಸೀರೆಯನ್ನೂ ಹೊಂದಿಸಲಾಗದ ಮಕ್ಕಳು ಇದ್ದೇ ಇರುತ್ತಾರೆ. ಅವರು ‘ನನಗೆ ಹುಷಾರಿರಲಿಲ್ಲ’ ಎಂದು ಹೇಳಿ ಆ ದಿನ ಶಾಲೆಗೆ ಬರುವುದಿಲ್ಲ. ಗ್ರೂಪ್ ಫೋಟೋದಲ್ಲಿ ಅವರ ಮುಖವಿರುವುದಿಲ್ಲ. ಮನೆಯಲ್ಲಿರುವ ಯಾವುದೇ ಸೀರೆ, ಕೈಲಾದಷ್ಟು ವಂತಿಗೆ, ಲೆಕ್ಕ ತರಗತಿ ಶಿಕ್ಷಕರ ಬಳಿ ಎಂಬ ಮೂರು ಮಾತನ್ನು ಪೋಷಕರೊಬ್ಬರು ಹೇಳಿದರೆ, ಹೇಳಲು ಹಿಂಜರಿಯುತ್ತಿದ್ದ ಹಲವರು ಅವರ ಹಿಂದೆ ನಿಲ್ಲುತ್ತಾರೆ. ದುಡ್ಡು ಕೊಡದಿದ್ದರೆ ಹಾಲ್ ಟಿಕೆಟ್ ಸಿಗುವುದಿಲ್ಲವೆಂದು ಮಕ್ಕಳ ನಡುವೆ ಹಬ್ಬುವ ಮಾತಿಗೆ ಯಾವ ಆಧಾರವೂ ಇಲ್ಲ. ಸೆಂಡಾಫ್ ವಂತಿಗೆಗೂ ಹಾಲ್ ಟಿಕೆಟ್‌ಗೂ ಸಂಬಂಧವಿಲ್ಲ.

ಈಗ ಕಲ್ಲತ್ತಿಗಿರಿಗೆ ಬರೋಣ. ನಿಮ್ಮ ಮಗಳು ‘ನನ್ನ ಮೇಲೆ ನಂಬಿಕೆ ಇಲ್ಲವೇ’ ಎಂದು ಕೇಳುತ್ತಾಳೆ, ಕೇಳದಿದ್ದರೆ ಆಶ್ಚರ್ಯ. ಇಲ್ಲಿ ಪ್ರಶ್ನೆ ಅವಳೊಬ್ಬಳ ನಡತೆಯದಲ್ಲ, ಗುಂಪಿನದು. ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹದಿಮೂರರಿಂದ ಹದಿನಾರರ ಮಕ್ಕಳಿಗೂ, ಹದಿನೆಂಟರಿಂದ ಇಪ್ಪತ್ತೆರಡರ ಯುವಜನರಿಗೂ, ಇಪ್ಪತ್ತನಾಲ್ಕು ದಾಟಿದವರಿಗೂ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟವನ್ನು ಕೊಟ್ಟರು. ಕೆಲವರು ಒಬ್ಬರೇ ಆಡಿದರು, ಕೆಲವರು ಒಡನಾಡಿಗಳ ಎದುರು ಆಡಿದರು. ಜೊತೆಯವರು ನೋಡುತ್ತಿರುವಾಗ ಹಿರಿಯರಿಗಿಂತ ಕಿರಿಯರು ಬಹಳ ಹೆಚ್ಚು ಅಪಾಯಕ್ಕೆ ಕೈಹಾಕಿದರು. ಒಂಟಿಯಾಗಿದ್ದಾಗ ಜಾಣರಾಗಿರುವ ಹುಡುಗ ಹುಡುಗಿಯರೇ ಗುಂಪಿನಲ್ಲಿ ಬೇರೆಯಾಗುತ್ತಾರೆ. ಅಪಾಯ ಅವರಿಗೆ ತಿಳಿಯದೆ ಅಲ್ಲ, ಗೆಳೆಯರ ಮೆಚ್ಚುಗೆ ಆ ಕ್ಷಣದಲ್ಲಿ ಅಪಾಯಕ್ಕಿಂತ ದೊಡ್ಡದಾಗಿ ಕಾಣುವುದರಿಂದ. ಇದನ್ನು ಮಗಳಿಗೆ ಹೀಗೆಯೇ ಹೇಳಬಹುದು. ಹತ್ತನೇ ತರಗತಿಯ ಮಕ್ಕಳಿಗೆ ಇದು ಅರ್ಥವಾಗುತ್ತದೆ, ತಮ್ಮ ತರಗತಿಯಿಂದಲೇ ಉದಾಹರಣೆಯನ್ನೂ ಕೊಡುತ್ತಾರೆ.

ಇಂಥ ಗುಂಪನ್ನು ಲಿಂಗದಹಳ್ಳಿ ದಾಟಿದ ಮೇಲಿನ ಬೆಟ್ಟದ ದಾರಿಯ ಮೇಲೆ ಊಹಿಸಿಕೊಳ್ಳಿ. ಬೈಕು ಓಡಿಸುವವರು ಹದಿನೈದು ಹದಿನಾರರವರು. ಹದಿನಾರು ತುಂಬಿದವರಿಗೆ ಐವತ್ತು ಸಿಸಿಯೊಳಗಿನ ವಾಹನಕ್ಕೆ ಮಾತ್ರ ಪರವಾನಗಿ ಸಿಗಬಹುದು. ಈ ಮಕ್ಕಳು ತರುವುದು ಅಣ್ಣನ ಅಥವಾ ಅಪ್ಪನ ದೊಡ್ಡ ಬೈಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಡಿ ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು ಇಪ್ಪತ್ತೈದು ಸಾವಿರ ರೂಪಾಯಿ ದಂಡ ಬೀಳಬಹುದು, ವಾಹನದ ನೋಂದಣಿ ಒಂದು ವರ್ಷ ರದ್ದಾಗಬಹುದು, ಮತ್ತು ಆ ಹುಡುಗನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಕಲಿಕಾ ಪರವಾನಗಿಯೂ ಸಿಗುವುದಿಲ್ಲ. ಈ ಕೊನೆಯ ಮಾತನ್ನು ಹುಡುಗರ ತಂದೆಯರಿಗೆ ತಿಳಿಸಿ. ದಂಡಕ್ಕೆ ಹೆದರದವರು ಇದಕ್ಕೆ ಹೆದರುತ್ತಾರೆ. ಬಾಡಿಗೆ ವಾಹನ ವೈಟ್ ಬೋರ್ಡಿನದಾಗಿದ್ದರೆ ಅಪಘಾತದ ಸಂದರ್ಭದಲ್ಲಿ ವಿಮೆಯ ತಕರಾರು ಏಳುತ್ತದೆ. ಗುಂಪಿನಲ್ಲಿ ಯಾರಾದರೂ ಬಿಯರ್ ಬಾಟಲಿ ತಂದರೆ ಏನು ಮಾಡಬೇಕೆಂಬುದನ್ನೂ ಮಾತನಾಡಬೇಕಾದ ಕಾಲವಿದು. ಮಕ್ಕಳಿಗೆ ಮದ್ಯ ಕೊಡುವವರಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಶಿಕ್ಷೆಯಿದೆ. ನೀರಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲತೀರದಲ್ಲಿ ನಾಲ್ವರು ವಿದ್ಯಾರ್ಥಿನಿಯರು ಜೀವ ಕಳೆದುಕೊಂಡದ್ದು ಶಿಕ್ಷಕರೇ ಕರೆದೊಯ್ದಿದ್ದ ಶಾಲಾ ಪ್ರವಾಸದಲ್ಲಿ. ಹಿರಿಯರಿದ್ದಾಗಲೇ ಹೀಗಾಗುವುದಾದರೆ, ಯಾರೂ ಇಲ್ಲದಾಗ ಜಾರುವ ಬಂಡೆಯ ಮೇಲೆ ಸೀರೆ ಉಟ್ಟು ಸೆಲ್ಫಿಗೆ ನಿಲ್ಲುವವರನ್ನು ತಡೆಯುವವರು ಯಾರು?

ನಿಮ್ಮ ಮುಂದಿರುವ ದಾರಿಗಳು ಮೂರು. ಪೂರ್ತಿ ತಡೆಯುವುದು ಒಂದು. ಅದು ಆ ದಿನದ ಮಟ್ಟಿಗೆ ಸುರಕ್ಷಿತವಾದರೂ, ಮುಂದಿನ ಎರಡು ವರ್ಷ ಪಿಯುಸಿಯಲ್ಲಿ ಮಗಳು ಎಲ್ಲಿಗೆ ಹೋದರೂ ಮನೆಯಲ್ಲಿ ಹೇಳದೆ ಹೋಗುವ ರೂಢಿಗೆ ಅಡಿಪಾಯವಾಗುತ್ತದೆ. ತಡೆದ ಮನೆಗಳ ಮಕ್ಕಳೇ ಸ್ಪೆಷಲ್ ಕ್ಲಾಸ್ ಎಂದು ಸುಳ್ಳು ಹೇಳಿ ಹೋದದ್ದನ್ನು ನಾನು ಕಂಡಿದ್ದೇನೆ. ಎಲ್ಲವನ್ನೂ ಬಿಟ್ಟುಬಿಡುವುದು ಇನ್ನೊಂದು. ಅದರ ಅಪಾಯವನ್ನು ಮೇಲೆ ಹೇಳಿದೆ. ಮೂರನೆಯದು, ಸಮಾರಂಭಕ್ಕೆ ಕಳುಹಿಸಿ, ಅದರ ನಂತರದ ಸಂಜೆಯನ್ನು ಖಾಲಿ ಬಿಡದಿರುವುದು. ಮಕ್ಕಳಿಗೆ ನಿಜವಾಗಿ ಬೇಕಾಗಿರುವುದು ಜಲಪಾತವಲ್ಲ, ಶಿಕ್ಷಕರಿಲ್ಲದ ಎರಡು ಗಂಟೆ. ಅದನ್ನು ಯಾರದಾದರೂ ಮನೆಯ ತಾರಸಿಯಲ್ಲಿಯೋ ತೋಟದಲ್ಲಿಯೋ ಒದಗಿಸಬಹುದು. ಇಬ್ಬರು ಮೂವರು ಪೋಷಕರು ಒಳಗೆ ಅಡುಗೆಮನೆಯಲ್ಲಿದ್ದು ಚುರುಮುರಿ ಕಲಸಿಕೊಡುತ್ತಾ, ಪದೇ ಪದೇ ಹೊರಗೆ ಇಣುಕದಿದ್ದರೆ ಸಾಕು. ಇದರಲ್ಲಿಯೂ ತೊಡಕಿಲ್ಲದಿಲ್ಲ. ಕೆಲವರು ಇದನ್ನು ಚಿಕ್ಕಮಕ್ಕಳ ಹುಟ್ಟುಹಬ್ಬವೆಂದು ಗೇಲಿ ಮಾಡಿ ಬೆಟ್ಟಕ್ಕೇ ಹೋಗಬಹುದು, ಆಗ ನಿಮ್ಮ ಮಗಳಿಗೆ ಬೇಸರವಾಗುತ್ತದೆ. ಆ ಬೇಸರವನ್ನು ನೀವಿಬ್ಬರೂ ಸಹಿಸಿಕೊಳ್ಳಬೇಕಾಗುತ್ತದೆ. ಕಲ್ಲತ್ತಿಗಿರಿಯನ್ನು ಪರೀಕ್ಷೆ ಮುಗಿದ ಮೇಲೆ ಎರಡು ಮೂರು ಕುಟುಂಬಗಳು ಸೇರಿ ನೋಡಿಬರುವುದಾಗಿ ಮಾತು ಕೊಡಿ. ಕೊಟ್ಟರೆ ಉಳಿಸಿಕೊಳ್ಳಿ.

ಆದರೆ ಈ ಯೋಜನೆ ನಿಮಗೆ ತಿಳಿದದ್ದು ಅವಳ ಫೋನಿನಿಂದ. ಅದನ್ನು ಮುಚ್ಚಿಟ್ಟು ಬೇರೆ ಯಾರೋ ಹೇಳಿದರೆಂದು ಕಥೆ ಕಟ್ಟಬೇಡಿ. ಅವಳು ತನ್ನ ಗೆಳತಿಯರನ್ನು ಒಬ್ಬೊಬ್ಬರಾಗಿ ಅನುಮಾನಿಸುತ್ತಾಳೆ. ‘ನಾನು ನಿನ್ನ ಫೋನು ನೋಡಿದೆ, ಹೆದರಿಕೆಯಾಯಿತು, ಅದಕ್ಕೇ ಕೇಳುತ್ತಿದ್ದೇನೆ’ ಎಂದು ನೇರವಾಗಿ ಹೇಳಿ. ಅವಳು ಸಿಟ್ಟಾಗುತ್ತಾಳೆ. ಆಗಲಿ. ಬೇಡವೆನ್ನುವ ಕೆಲಸವನ್ನು ಅವಳ ಪರವಾಗಿ ನೀವೇ ವಹಿಸಿಕೊಳ್ಳುವುದು ಒಳ್ಳೆಯದು: ‘ನಮ್ಮಮ್ಮ ಬಿಡುವುದಿಲ್ಲ’ ಎಂದು ಗೆಳತಿಯರ ಮುಂದೆ ನಿಮ್ಮನ್ನು ದೂರಲು ಅವಳಿಗೆ ಅನುಮತಿ ಕೊಡಿ. ಒಳಗೊಳಗೇ ಹೋಗಲು ಹೆದರುವ ಎಷ್ಟೋ ಹುಡುಗಿಯರಿಗೆ ಈ ನೆಪ ದೊಡ್ಡ ಆಸರೆ.

ಫೋಟೋಗಳ ವಿಷಯದಲ್ಲಿ ಫೋನು ತರಬೇಡಿ ಎಂಬ ನಿಯಮ ಉಳಿಯುವುದಿಲ್ಲ. ಅದಕ್ಕಿಂತ ಶಾಲೆಯೇ ಒಬ್ಬ ಛಾಯಾಗ್ರಾಹಕರನ್ನು ಕರೆಸಿ, ಮಕ್ಕಳಿಗೆ ಬೇಕಾದಷ್ಟು ಫೋಟೋ ತೆಗೆಸಿ, ಪೋಷಕರ ಗುಂಪಿಗೆ ಹಂಚುವುದು ಹೆಚ್ಚು ಫಲಕಾರಿ. ಬೇಕಾದದ್ದು ಸಿಕ್ಕರೆ ಕದ್ದು ತೆಗೆಯುವುದು ಕಡಿಮೆಯಾಗುತ್ತದೆ. ಸೀರೆ ಸರಿಪಡಿಸಿಕೊಳ್ಳುವ ಕೊಠಡಿಯೊಳಗೆ ಮಾತ್ರ ಯಾರ ಫೋನೂ ಇರಬಾರದು, ಗೆಳತಿಯದೂ ಕೂಡ. ಮಗಳ ಇನ್‌ಸ್ಟಾಗ್ರಾಂ ಖಾತೆ ಇದ್ದರೆ ಅದನ್ನು ಖಾಸಗಿಯಾಗಿರಿಸಲು ಹೇಳಿ. ಇಷ್ಟಾದರೂ ಯಾರಾದರೂ ಫೋಟೋವನ್ನು ತಿರುಚಿ ಹರಿಯಬಿಟ್ಟರೆ, ಕೋಪದಲ್ಲಿ ಅದನ್ನು ಅಳಿಸಿಹಾಕಬೇಡಿ. ಸ್ಕ್ರೀನ್‌ಶಾಟ್, ಕೊಂಡಿ, ಖಾತೆಯ ಹೆಸರು ಇಟ್ಟುಕೊಂಡು 1930 ಸೈಬರ್ ಸಹಾಯವಾಣಿಗೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಕಳೆದ ವರ್ಷ ನೊಂದ ಆ ಮನೆಯವರಿಗೆ ಹೆಚ್ಚು ಹೊಡೆತ ಬಿದ್ದದ್ದು ಫೋಟೋದಿಂದಲೋ, ‘ಸೀರೆ ಉಟ್ಟು ಕುಣಿದದ್ದೇ ತಪ್ಪು’ ಎಂದ ಊರಿನ ಮಾತಿನಿಂದಲೋ ಎಂದು ಯೋಚಿಸಿ ನೋಡಿ. ಏನೇ ಆದರೂ ಮೊದಲು ಮನೆಗೆ ಬಂದು ಹೇಳಬಹುದೆಂಬ ಧೈರ್ಯ ನಿಮ್ಮ ಮಗಳಿಗೆ ಇಂದೇ ಇರಬೇಕು.

ಮಸಿಯ ಎರಚಾಟ ಹಳೆಯ ರೂಢಿ. ಸಮವಸ್ತ್ರದ ಮೇಲೆ ಸಹಿ ಹಾಕಿಸಿಕೊಳ್ಳುವುದರಲ್ಲಿ ತೊಂದರೆಯಿಲ್ಲ, ಅದೊಂದು ಚಂದದ ನೆನಪೇ. ಆದರೆ ಮಸಿಯ ಜೊತೆಗೆ ಈಗ ಬಣ್ಣದ ಪುಡಿ, ಮೊಟ್ಟೆ, ನೊರೆ ಚಿಮ್ಮುವ ಸ್ಪ್ರೇ ಡಬ್ಬಿಗಳು ಬಂದಿವೆ. ಆ ಡಬ್ಬಿಗಳ ಅನಿಲಕ್ಕೆ ಬೆಂಕಿ ತಗುಲುವ ಸಾಧ್ಯತೆಯಿದ್ದು, ಕೇಕಿನ ಮೇಲೆ ಮೇಣದಬತ್ತಿ ಉರಿಯುತ್ತಿರುವಾಗ ಅವನ್ನು ಹೊರತೆಗೆಯಲೇಬಾರದು. ಕಣ್ಣಿಗೆ ಏನೇ ಬಿದ್ದರೂ ಉಜ್ಜದೆ ಧಾರಾಳವಾಗಿ ನೀರಿನಿಂದ ತೊಳೆದು ವೈದ್ಯರಿಗೆ ತೋರಿಸಬೇಕು. ಕೊನೆಯ ಪರೀಕ್ಷೆ ಮುಗಿಯುವ ಹೊತ್ತಿಗೆ ನೀವೇ ಪರೀಕ್ಷಾ ಕೇಂದ್ರದ ಹೊರಗೆ ನಿಂತು ಹಾಲ್ ಟಿಕೆಟ್ಟನ್ನೂ ಪ್ರಶ್ನೆಪತ್ರಿಕೆಯನ್ನೂ ಮೊದಲು ಈಸಿಕೊಳ್ಳಿ, ಆಮೇಲೆ ಅರ್ಧ ಗಂಟೆ ಅವಳನ್ನು ಅವಳ ಪಾಡಿಗೆ ಬಿಡಿ. ಫಲಿತಾಂಶ ನೋಡಲು ನೋಂದಣಿ ಸಂಖ್ಯೆ ಬೇಕು. ಪರೀಕ್ಷಾ ಮಂಡಳಿ ಪ್ರಕಟಿಸುವ ಮಾದರಿ ಉತ್ತರಗಳೊಡನೆ ತಾಳೆ ನೋಡಲು ಪ್ರಶ್ನೆಪತ್ರಿಕೆ ಬೇಕು. ಎರಡನ್ನೂ ಹರಿದು ಗಾಳಿಗೆ ತೂರುವ ಮಕ್ಕಳಿದ್ದಾರೆ. ಹಾಲ್ ಟಿಕೆಟ್ಟನ್ನು ಸರಸ್ವತಿ ಪೂಜೆಗೆ ಇಡುವುದಾದರೆ ಅದರ ನಕಲು ಪ್ರತಿಗೆ ಅರಿಶಿನ ಕುಂಕುಮ ಹಚ್ಚಿ. ಮೂಲ ಪ್ರತಿಯಲ್ಲಿ ಭಾವಚಿತ್ರದ ಮೇಲೆ ಕುಂಕುಮ ಮೆತ್ತಿಕೊಂಡು ಬಂದವರನ್ನು ಗುರುತಿಸಲು ಕೊಠಡಿಯ ಮೇಲ್ವಿಚಾರಕರು ಪಡುವ ಪಾಡು ನನಗೆ ಗೊತ್ತು.

ಮೊದಲು ಆಗಬೇಕಾದದ್ದು ನಿಮ್ಮ ಮತ್ತು ಪತಿಯವರ ನಡುವಿನ ಮಾತು. ಮಗಳ ಮುಂದೆ ಇಬ್ಬರದೂ ಒಂದೇ ಉತ್ತರವಾಗಿರಲಿ, ಮತ್ತು ಅದು ‘ಹೋಗು’ ಎಂಬುದರಿಂದ ಶುರುವಾಗಲಿ. ಕೇಳಿದ ಮೇಲೂ ಅವಳು ಊಟ, ನಿದ್ರೆ ಬಿಟ್ಟು ಮಂಕಾಗಿಯೇ ಇದ್ದರೆ ಕಾರಣ ಸೆಂಡಾಫ್ ಆಗಿರಲಿಕ್ಕಿಲ್ಲ, ಪರೀಕ್ಷೆಯ ಭಯವಾಗಿರಬಹುದು. ಆಗ ತಡಮಾಡದೆ ಮಾನಸಿಕ ಆರೋಗ್ಯದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು. ಅನಂತರ ಇನ್ನಿಬ್ಬರು ಪೋಷಕರನ್ನು ಜೊತೆ ಮಾಡಿಕೊಂಡು ಈ ವಾರವೇ ಮುಖ್ಯೋಪಾಧ್ಯಾಯರನ್ನು ಕಾಣಿ. ಸಂಗ್ರಹಿಸಿದ ಹಣದ ಲೆಕ್ಕ ಯಾರ ಬಳಿಯಿದೆ, ಸಮಾರಂಭ ಎಷ್ಟು ಗಂಟೆಗೆ ಮುಗಿಯುತ್ತದೆ, ಆ ಹೊತ್ತಿಗೆ ಗೇಟಿನ ಬಳಿ ಯಾವ ಶಿಕ್ಷಕರು ನಿಂತಿರುತ್ತಾರೆ ಎಂದು ಕೇಳಿ, ಮುಗಿಯುವ ಸಮಯವನ್ನು ಎಲ್ಲ ಪೋಷಕರಿಗೂ ಬರಹದಲ್ಲಿ ತಿಳಿಸುವಂತೆ ವಿನಂತಿಸಿ. ಮೂರು ಗಂಟೆಗೆ ಮುಗಿಯುತ್ತದೆಂದು ಅರವತ್ತು ಮನೆಗಳಿಗೂ ಗೊತ್ತಿದ್ದರೆ, ಬೆಟ್ಟಕ್ಕೆ ಹೋಗುವ ಗುಂಪು ತಾನಾಗಿಯೇ ಸಣ್ಣದಾಗುತ್ತದೆ.